ಫೈಲ್ ಪಾಥ್‌ಗಳನ್ನು ನಿಭಾಯಿಸುವ ಬಗೆ: ಮಾನಸಳಿಗೆ ಒಂದು ಪತ್ರ

ಚಿ. ಮಾನಸಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಜನರು ಕಳುಹಿಸುವ ದಾಖಲೆಗಳನ್ನು ಒಂದು ಫೋಲ್ಡರಿನಲ್ಲಿ ಕೂಡಿಡಲು ನೀನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಪೂರ್ತಿ ಓದಿದೆ. ಬಹುಪಾಲು ಅಚ್ಚುಕಟ್ಟಾಗಿದೆ. ಆದರೆ ಫೈಲ್ ಪಾಥನ್ನು, ಅಂದರೆ ಫೈಲ್ ಎಲ್ಲಿದೆ ಎಂದು ಹೇಳುವ ವಿಳಾಸವನ್ನು, ಬರಿಯ ಪಠ್ಯವೆಂದು ಭಾವಿಸಿ, ಬೇಕಾದಲ್ಲಿ ಕತ್ತರಿಸಿ ಬೇಕಾದಲ್ಲಿ ಅಂಟಿಸಿದ್ದೀಯೆ. ಪಾಥ್ ಎಂಬುದು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಂದೊಂದೇ ಹೆಸರನ್ನು ಹುಡುಕುತ್ತಾ ಸಾಗಬೇಕಾದ ದಾರಿ. ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಕ್ಷಣದಲ್ಲಿ ಡಿಸ್ಕಿನ ಮೇಲೆ ಇರುವ ಸ್ಥಿತಿಯೇ ಹೊರತು ನೀನು ಬರೆದಿಟ್ಟ ಸ್ಟ್ರಿಂಗ್ (ಪಠ್ಯ) ಅಲ್ಲ.

ಮೊದಲನೆಯದಾಗಿ, ಪಾಥನ್ನು ಹಿಡಿದಿಡಲು ನೀನು ಮಾಡಿಕೊಂಡ ನಿಗದಿತ ಜಾಗ, ಆ 256 ಬೈಟ್‌ಗಳ ಅರೇ. ಲಿನಕ್ಸಿನಲ್ಲಿ ಒಂದು ಹೆಸರಿಗೇ ಸಾಮಾನ್ಯವಾಗಿ 255 ಬೈಟ್‌ಗಳವರೆಗೆ ಅವಕಾಶವಿದೆ. ಒಂದು ಸಿಸ್ಟಮ್ ಕಾಲ್‌ಗೆ (ಕರ್ನಲ್ಲಿಗೆ ಮಾಡುವ ಕೋರಿಕೆಗೆ) ಕೊಡುವ ಇಡೀ ಪಾಥ್, ಪಠ್ಯ ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆ ಬೈಟೂ ಸೇರಿ, 4096ರವರೆಗೆ ಹೋಗಬಹುದು. ಪಠ್ಯವನ್ನು ಜೋಡಿಸಿ ಅರೇಗೆ ತುಂಬುವ ಸ್ಪ್ರಿಂಟ್‌ಎಫ್ (sprintf) ಫಂಕ್ಷನ್ ಜಾಗವನ್ನು ಲೆಕ್ಕಿಸದೆ ಬರೆದುಬಿಡುತ್ತದೆ. ಅಳತೆಯ ಮಿತಿಯನ್ನು ಪಾಲಿಸುವ ಎಸ್‌ಎನ್‌ಪ್ರಿಂಟ್‌ಎಫ್ (snprintf) ಬಳಸಿದರೂ ಅದು ಹಿಂದಿರುಗಿಸುವ ಸಂಖ್ಯೆಯನ್ನು ನೋಡಲೇಬೇಕು: ಆ ಸಂಖ್ಯೆ ನಿನ್ನ ಅರೇಯ ಅಳತೆಗೆ ಸಮವಾಗಿದ್ದರೆ ಅಥವಾ ಮೀರಿದ್ದರೆ ಪಾಥಿನ ತುದಿ ಕತ್ತರಿಸಿಹೋಗಿದೆ ಎಂದರ್ಥ. ಕತ್ತರಿಸಿದ ಪಾಥ್ ಕೆಲಸ ಮಾಡದೆ ನಿಂತರೆ ಅದೃಷ್ಟ. ಅದು ಬೇರೊಂದು ನಿಜವಾದ ಫೈಲಿನ ಹೆಸರಾಗಿಬಿಟ್ಟು, ನಿನ್ನ ಪ್ರೋಗ್ರಾಮು ಅದನ್ನೇ ಅಳಿಸಿದರೆ ಏನು ಗತಿ?

ನಮ್ಮ ಭಾಷೆಯ ಹೆಸರುಗಳಿಗೆ ಇದು ಇನ್ನಷ್ಟು ಬೇಗ ಎದುರಾಗುತ್ತದೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕ್ಷ' ಎಂಬ ಒಂದೇ ಅಕ್ಷರವು ಕ, ಒತ್ತಕ್ಷರ ಮೂಡಿಸುವ '್' ಚಿಹ್ನೆ ಮತ್ತು ಷ ಸೇರಿ 9 ಬೈಟ್ ಆಗುತ್ತದೆ. 255 ಬೈಟ್‌ಗಳಲ್ಲಿ 85 ಸಂಕೇತಗಳಷ್ಟೇ ಹಿಡಿಯುತ್ತವೆ. ಇನ್ನೂ ಸೂಕ್ಷ್ಮವಾದ ಸಂಗತಿ ಒಂದಿದೆ. 'ಕೊಡಗು' ಎಂಬ ಹೆಸರಿನ 'ೊ' ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, 'ೆ' ಮತ್ತು 'ೂ' ಎಂಬ ಎರಡಾಗಿಯೂ ಬರೆಯಬಹುದು. ಮೊದಲನೆಯದರಲ್ಲಿ ಹೆಸರು 15 ಬೈಟ್, ಎರಡನೆಯದರಲ್ಲಿ 18. ಪರದೆಯ ಮೇಲೆ ಎರಡೂ ಒಂದೇ. ಆದರೆ ಲಿನಕ್ಸಿನ ಸಾಮಾನ್ಯ ಫೈಲ್ ಸಿಸ್ಟಮ್‌ಗಳು ಬೈಟ್‌ಗಳನ್ನಷ್ಟೇ ಹೋಲಿಸುವುದರಿಂದ ಒಂದೇ ಫೋಲ್ಡರಿನಲ್ಲಿ ಎರಡು 'ಕೊಡಗು'ಗಳು ಅಕ್ಕಪಕ್ಕ ಕೂರುತ್ತವೆ. ಆ್ಯಪಲ್ಲಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿದ್ದ ಕಾರಣ, ಅಂಥ ಯಂತ್ರದಿಂದ ಬಂದ ಕಡತಗಳಲ್ಲಿ ಇದನ್ನು ನಿರೀಕ್ಷಿಸಬೇಕು. ಆದ್ದರಿಂದ ಡಿಸ್ಕಿನಲ್ಲಿ ಈಗಾಗಲೇ ಇರುವ ಹೆಸರನ್ನು ಎಂದಿಗೂ 'ತಿದ್ದಿ' ತೆರೆಯಬೇಡ. ಬಂದ ಬೈಟ್‌ಗಳನ್ನು ಬಂದಂತೆಯೇ ಹಿಂದಿರುಗಿಸು.

ಇನ್ನು 'ಒಂದು ಹಂತ ಮೇಲಿನ ಫೋಲ್ಡರು' ಎಂದು ಸೂಚಿಸುವ ಎರಡು ಚುಕ್ಕಿಗಳ ವಿಷಯ. 'ಚಿತ್ರ/..' ಕಂಡಲ್ಲಿ ಎರಡನ್ನೂ ಅಳಿಸಿಹಾಕುವ ಫಂಕ್ಷನ್ ಬರೆದಿದ್ದೀಯೆ. 'ಚಿತ್ರ' ಎಂಬುದು ಬೇರೊಂದು ಡಿಸ್ಕಿನ ಫೋಲ್ಡರಿಗೆ ಹೋಗುವ ಸಿಂಬಾಲಿಕ್ ಲಿಂಕ್ (ಬೇರೆ ಜಾಗಕ್ಕೆ ಕೈತೋರಿಸುವ ಹೆಸರು) ಆಗಿದ್ದರೆ, ಎರಡು ಚುಕ್ಕಿಗಳು ನಿನ್ನನ್ನು ಆ ಫೋಲ್ಡರಿಗಿಂತ ಒಂದು ಹಂತ ಮೇಲಿನ ಫೋಲ್ಡರಿಗೆ ಒಯ್ಯುತ್ತವೆ, ಹೊರಟ ಜಾಗಕ್ಕಲ್ಲ. ಪಾಥ್ ನಿನ್ನ ಫೋಲ್ಡರಿನೊಳಗೇ ಇದೆ ಎನ್ನಲು ಅದರ ಆರಂಭ '/ದಾಖಲೆ' ಎಂದಿದ್ದರೆ ಸಾಕೆಂಬ ನಿನ್ನ ಪರೀಕ್ಷೆಯೂ ನಿಲ್ಲುವುದಿಲ್ಲ. '/ದಾಖಲೆಗಳು' ಎಂಬ ಬೇರೆ ಫೋಲ್ಡರು ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ.

ಫೈಲ್ ಇದೆಯೇ ಎಂದು ಆ್ಯಕ್ಸೆಸ್ (access) ಕಾಲ್‌ನಿಂದ ಕೇಳಿ, ಇಲ್ಲವಾದರೆ ಓಪನ್ (open) ಕಾಲ್‌ನಿಂದ ಹೊಸದಾಗಿ ತೆರೆಯುವ ಕ್ರಮವನ್ನು ಬಿಟ್ಟುಬಿಡು. ಆ ಎರಡರ ನಡುವಿನ ಕ್ಷಣದಲ್ಲಿ ಬೇರೊಂದು ಪ್ರೋಗ್ರಾಮು ಅದೇ ಹೆಸರಿನಲ್ಲಿ ಫೈಲನ್ನೋ ಲಿಂಕನ್ನೋ ಇಟ್ಟಿರಬಹುದು. ಓಪನ್‌ಗೆ O_CREAT (ಹೊಸದಾಗಿ ಸೃಷ್ಟಿಸು) ಮತ್ತು O_EXCL (ಮೊದಲೇ ಇದ್ದರೆ ಬೇಡ) ಎಂಬ ಸೂಚನೆಗಳೆರಡನ್ನೂ ಕೊಟ್ಟು ನೇರವಾಗಿ ತೆರೆದರೆ, ಆ ಹೆಸರು ಮೊದಲೇ ಇದ್ದಲ್ಲಿ ಕರ್ನಲ್ಲೇ ನಿರಾಕರಿಸುತ್ತದೆ. ನಿನ್ನ ಫೋಲ್ಡರನ್ನು ಆರಂಭದಲ್ಲಿ ಒಮ್ಮೆ ತೆರೆದು, ಅದರ ಡಿಸ್ಕ್ರಿಪ್ಟರ್ (ತೆರೆದದ್ದಕ್ಕೆ ಕರ್ನಲ್ ಕೊಡುವ ಸಂಖ್ಯೆ) ಹಿಡಿದುಕೊಂಡು, ಮುಂದಿನದನ್ನೆಲ್ಲ ಆ ಫೋಲ್ಡರಿನಿಂದಲೇ ಹೆಸರು ಹುಡುಕುವ ಓಪನ್‌ಆ್ಯಟ್‌ನಿಂದ (openat) ಮಾಡು. ನಡುವೆ ಯಾರಾದರೂ ಫೋಲ್ಡರಿನ ಹೆಸರು ಬದಲಿಸಿದರೂ ನಿನ್ನ ಹಿಡಿತ ತಪ್ಪುವುದಿಲ್ಲ, ಉದ್ದುದ್ದ ಪಾಥ್‌ಗಳನ್ನು ಹೊಸೆಯುವ ಕೆಲಸವೂ ಇರುವುದಿಲ್ಲ.

ನಿನ್ನ ಕೆಲಸಕ್ಕಂತೂ ಇನ್ನೂ ಸರಳವಾದ ಉಪಾಯವಿದೆ. ಜನರು ಕೊಟ್ಟ ಹೆಸರನ್ನು ಫೈಲಿನ ಹೆಸರಾಗಿ ಬಳಸಲೇಬೇಡ. ಪ್ರತಿ ದಾಖಲೆಗೂ ನೀನೇ ಒಂದು ಕ್ರಮಸಂಖ್ಯೆ ಕೊಟ್ಟು ಅದನ್ನೇ ಡಿಸ್ಕಿನಲ್ಲಿ ಹೆಸರಾಗಿಡು, ಅವರ ಹೆಸರನ್ನು ಪಟ್ಟಿಯೊಳಗೆ ಬರೆದುಕೊಂಡು ತೋರಿಸುವಾಗ ಮಾತ್ರ ತೋರಿಸು. ಹಾಗೆ ಬದಲಿಸಿದ ಕೋಡನ್ನು ಮುಂದಿನ ವಾರದೊಳಗೆ ಕಳುಹಿಸು, ಕೂತು ಓದುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ