ಕಲ್ಲು ಕ್ವಾರಿಗಳಿಗೂ ಗಣಿ ಸುರಕ್ಷತಾ ತರಬೇತಿ ತಲುಪಲಿ

ಮಾನ್ಯ ಸಂಪಾದಕರೇ,

ಭೂಗತ ಚಿನ್ನದ ಗಣಿಯೊಂದರಲ್ಲಿ ಮೇಟ್ (ಕಾರ್ಮಿಕರ ತಂಡದ ಮೇಲ್ವಿಚಾರಕ) ಆಗಿ, ಕೊನೆಯ ಕೆಲವು ವರ್ಷ ವೃತ್ತಿ ತರಬೇತಿ ಕೇಂದ್ರದ ಬೋಧಕನಾಗಿ ದುಡಿದವನು ನಾನು. ತರಬೇತಿಯಿಂದ ಕಾರ್ಮಿಕನ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಬ್ಲಾಸ್ಟಿಂಗ್ ಆದ ಮೇಲೆ ಸುರಂಗದ ಛಾವಣಿಯಲ್ಲಿ ಸಡಿಲಗೊಂಡ ಬಂಡೆ ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ಸಲಾಕೆಯಿಂದ ತಟ್ಟಿದಾಗ ಗಟ್ಟಿ ಬಂಡೆ ಟಣ್ಣೆನ್ನುತ್ತದೆ, ಸಡಿಲವಾದದ್ದು ಟೊಳ್ಳು ದನಿ ಕೊಡುತ್ತದೆ. ಇದನ್ನು ತರಗತಿಯಲ್ಲಿ ಕೇಳಿ ಸುಮ್ಮನೆ ತಲೆಯಾಡಿಸುತ್ತಿದ್ದ ಹುಡುಗರೇ, ಸಲಾಕೆಯನ್ನು ತಾವೇ ಹಿಡಿದು, ಎರಡೂ ದನಿಗಳನ್ನು ಕೇಳಿ, ಟೊಳ್ಳು ದನಿಯ ಬಂಡೆ ಕಣ್ಣೆದುರೇ ಕಳಚಿ ಬಿದ್ದದ್ದನ್ನು ನೋಡಿದ ಮೇಲೆ, ಯಾರೂ ಹೇಳದಿದ್ದರೂ ಛಾವಣಿ ತಟ್ಟಿ ನೋಡದೆ ಡ್ರಿಲ್ಲಿಂಗ್‌ಗೆ ನಿಲ್ಲುತ್ತಿರಲಿಲ್ಲ. ಆದರೆ ಹಾಗೆ ತಟ್ಟಲು ಹಿಡಿಯುವ ಹತ್ತು ನಿಮಿಷಕ್ಕೆ ಮೇಲಿನವರು ಗದರಿದರೆ ಕಲಿತದ್ದು ತಿಂಗಳೊಳಗೆ ಬಿಟ್ಟುಹೋಗುತ್ತದೆ. ಆದ್ದರಿಂದ ಮೊದಲು ಕಲಿಯಬೇಕಾದವರು ಮೇಲ್ವಿಚಾರಕರು ಎಂದೇ ನನ್ನ ಖಚಿತ ಅಭಿಪ್ರಾಯ.

ಹೊಸಬರಿಗೆ ಆರಂಭಿಕ ತರಬೇತಿ, 5 ವರ್ಷಕ್ಕೊಮ್ಮೆ ಪುನರ್ ತರಬೇತಿ ಎಂದು 1966ರ ಗಣಿ ವೃತ್ತಿ ತರಬೇತಿ ನಿಯಮಗಳು ವಿಧಿಸಿದವು. ದೊಡ್ಡ ಗಣಿಗಳಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ನಿವೃತ್ತಿಯ ನಂತರ ನಾನು ಕಂಡ ಕಲ್ಲು ಕ್ವಾರಿಗಳಲ್ಲಿ ಮಾತ್ರ ತರಬೇತಿಯೆಂದರೆ ಹಾಜರಿ ಪುಸ್ತಕದಲ್ಲಿ ಹಾಕಿಸಿಕೊಂಡ ಹೆಬ್ಬೆಟ್ಟು. ಸ್ಫೋಟಕ ತುಂಬಿದರೂ ಸಿಡಿಯದೆ ಉಳಿದ ಕುಳಿಯ ಬಳಿ ಮತ್ತೆ ಡ್ರಿಲ್ ಹಾಕಬಾರದು, ಮದ್ದನ್ನು ಕಬ್ಬಿಣದ ಸಲಾಕೆಯಿಂದ ಜಡಿಯದೆ ಮರದ ಕೋಲನ್ನೇ ಬಳಸಬೇಕು, ದೂಳು ಏಳದಂತೆ ನೀರು ಹಾಯಿಸಿಯೇ ಕೊರೆಯಬೇಕು ಎಂಬುದನ್ನು ಹೊರರಾಜ್ಯಗಳಿಂದ ಬಂದ ಆ ಕಾರ್ಮಿಕರಿಗೆ ಅವರ ಭಾಷೆಯಲ್ಲಿ ಯಾರೂ ತಿಳಿಸಿರಲಿಲ್ಲ. ಸಿಲಿಕೋಸಿಸ್ ಎಂಬ ಹೆಸರನ್ನೇ ಅವರು ಕೇಳಿರಲಿಲ್ಲ. ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಅಂಟುವ ಈ ಕಾಯಿಲೆ ಗುಣವಾಗುವಂಥದ್ದಲ್ಲ.

2021ರ ಜನವರಿಯಲ್ಲಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ, ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಸ್ಫೋಟಕಗಳು ಸಿಡಿದು ಜೀವಹಾನಿಯಾದಾಗ ಅಕ್ರಮ ದಾಸ್ತಾನಿನ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಸ್ಫೋಟಕವನ್ನು ಹೊರುವ, ಕುಳಿಗೆ ತುಂಬುವ ಕೈಗಳಿಗೆ ಕಲಿಸುವವರು ಯಾರು ಎಂಬ ಪ್ರಶ್ನೆ ಅಷ್ಟಾಗಿ ಏಳಲಿಲ್ಲ.

ಕ್ವಾರಿ ಗುತ್ತಿಗೆಯನ್ನು ನವೀಕರಿಸುವ ಮುನ್ನ ಗಣಿ ಮತ್ತು ಭೂವಿಜ್ಞಾನ ಇಲಾಖೆಯು ತರಬೇತಿಯ ದಾಖಲೆಯನ್ನಷ್ಟೇ ನೋಡದೆ, ಕೆಲಸದ ಜಾಗಕ್ಕೆ ಬಂದು ಕಾರ್ಮಿಕರನ್ನೇ ಮಾತನಾಡಿಸಲಿ. ತಾಲ್ಲೂಕಿನ ಕ್ವಾರಿಗಳೆಲ್ಲ ಸೇರಿ ಒಬ್ಬ ಬೋಧಕರನ್ನು ನೇಮಿಸಿಕೊಳ್ಳುವ ವ್ಯವಸ್ಥೆಯಾದರೆ, ನನ್ನಂತಹ ನಿವೃತ್ತರು ಆ ಕೆಲಸಕ್ಕೆ ಸಂತೋಷದಿಂದ ಬರುತ್ತೇವೆ.

– ನಿವೃತ್ತ ಗಣಿ ತರಬೇತಿ ಬೋಧಕ