ಜ್ವರ ಬಂದ ಮಕ್ಕಳ ಬಗ್ಗೆ ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ಕಿರುಪರೀಕ್ಷೆಯ ದಿನವೇ ಜ್ವರವೆಂದು ಎರಡನೇ ತರಗತಿಯ ಮಕ್ಕಳನ್ನು ಮನೆಗೆ ಕಳಿಸಿದ್ದಕ್ಕೆ ಕೆಲವರು ಬೇಸರಪಟ್ಟಿದ್ದೀರಿ. ಕೆಲಸ ಬಿಟ್ಟು ಓಡಿಬರುವ ಕಷ್ಟ ನಮಗೂ ಗೊತ್ತು. ಆದರೂ ನಿಯಮ ಸಡಿಲಿಸುವುದಿಲ್ಲ: ಔಷಧಿ ಕೊಡದೆಯೂ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಮಗು ತರಗತಿಗೆ ಬರಬಹುದು.

ಬೆಳಿಗ್ಗೆ ಏಳಕ್ಕೆ ಪ್ಯಾರಾಸಿಟಮಾಲ್ ಕುಡಿಸಿದರೆ ಎಂಟೂವರೆಗೆ ಮೈ ತಣ್ಣಗಾಗಿ, ಮಗು ಆಡಿಕೊಂಡೇ ವ್ಯಾನ್ ಹತ್ತುತ್ತದೆ. ಔಷಧಿ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಊಟದ ಬೆಲ್ ಹೊತ್ತಿಗೆ ಮತ್ತೆ ಮೈ ಕಾಯುತ್ತದೆ. ಇಳಿದಿದ್ದು ತಾಪ, ವೈರಸ್ ಅಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಕೂತವರಿಗೂ ಅಂಟಿರಬಹುದು. ನೀವು ಮುಚ್ಚಿಟ್ಟು ಕಳಿಸುತ್ತೀರಿ ಎಂಬ ಆರೋಪ ಇದಲ್ಲ. ಮೈ ತಣ್ಣಗಿದ್ದರೆ ಜ್ವರ ಬಿಟ್ಟಿತೆಂದೇ ಯಾರಾದರೂ ಅಂದುಕೊಳ್ಳುತ್ತಾರೆ. ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಸುತ್ತೇವೆ, ಅಂಕ ಎಲ್ಲಿಗೂ ಹೋಗುವುದಿಲ್ಲ. ಜ್ವರವಿಲ್ಲದ ಬರೀ ನೆಗಡಿಗೆ, ಮಗು ಲವಲವಿಕೆಯಿಂದಿದ್ದರೆ, ಧಾರಾಳವಾಗಿ ಕಳಿಸಿ. ಜೇಬಲ್ಲೊಂದು ಕರ್ಚೀಫ್ ಇರಲಿ. ಜ್ವರಕ್ಕೆ ಮಾತ್ರ ಬೇಡ, ಔಷಧಿ ಕುಡಿಸಿ ಇಳಿಸಿದ ಜ್ವರಕ್ಕಂತೂ ಬೇಡವೇ ಬೇಡ.

ಮನೆಯಲ್ಲಿ ಹೆಚ್ಚು ಎಡವುವುದು ಅಳತೆಯಲ್ಲಿ. ಪ್ಯಾರಾಸಿಟಮಾಲ್ ಪ್ರಮಾಣ ನಿರ್ಧಾರವಾಗುವುದು ಮಗುವಿನ ತೂಕದಿಂದ: ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. 20 ಕೆಜಿಯ ಮಗುವಿಗೆ ಮೊದಲನೆಯದು 10 ಎಂಎಲ್, ಎರಡನೆಯದು 5 ಎಂಎಲ್. ಬಾಟಲಿ ಬದಲಾದದ್ದು ನೋಡದೆ ಹಳೇ ಲೆಕ್ಕದಲ್ಲೇ ಕುಡಿಸಿದರೆ ದುಪ್ಪಟ್ಟಾಯಿತು. ಅಡುಗೆಮನೆ ಚಮಚ ಬೇಡ, ಬಾಟಲಿಯ ಮುಚ್ಚಳದ ಅಳತೆಯೇ ಇರಲಿ. ದಿನಕ್ಕೆ ನಾಲ್ಕು ಸಲ ಮೀರಬೇಡಿ. ನೆಗಡಿಯ ಕೆಲವು ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಲೇಬಲ್ ಓದಿ. ಆಸ್ಪಿರಿನ್ ಕೊಡಲೇಬೇಡಿ. ಹೋದ ಸಲ ಉಳಿದ ಆ್ಯಂಟಿಬಯಾಟಿಕ್ ವೈರಸ್‌ಗೆ ಏನೂ ಮಾಡದು. ಐದು ವರ್ಷದೊಳಗಿನವರಿಗೆ ವೈದ್ಯರನ್ನು ಕೇಳದೆ ಕೆಮ್ಮಿನ ಸಿರಪ್ ಬೇಡ. ವರ್ಷ ತುಂಬಿದ ಮಕ್ಕಳಿಗೆ ಅರ್ಧ ಚಮಚ ಜೇನುತುಪ್ಪ ಸಾಕು. ಗಂಜಿ, ಬಿಸಿ ಸಾರು ಸ್ವಲ್ಪಸ್ವಲ್ಪವಾಗಿ ಕೊಡುತ್ತಿರಿ. ಕುದಿಯುವ ನೀರಿನ ಪಾತ್ರೆ ಮುಂದೆ ಕೂರಿಸಿ ಹಬೆ ಹಿಡಿಸಬೇಡಿ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಳ್ಳುವವರು ಮಕ್ಕಳೇ.

ಉಸಿರು ಜೋರಾದರೆ, ಪಕ್ಕೆ ಒಳಕ್ಕೆ ಎಳೆದರೆ, ಎಂಟು ಗಂಟೆ ಮೂತ್ರ ಆಗದಿದ್ದರೆ, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ದಿನ ದಾಟಿದ ಜ್ವರವನ್ನೂ, ಬಿಟ್ಟು ಮತ್ತೆ ಬಂದ ಜ್ವರವನ್ನೂ ವೈದ್ಯರಿಗೆ ತೋರಿಸಿ.

ರಜೆ ಮುಗಿಸಿ ಬರುವ ದಿನ ಡೈರಿಯಲ್ಲಿ, ಕೊನೆಯ ಸಲ ಜ್ವರದ ಔಷಧಿ ಕೊಟ್ಟ ದಿನ ಮತ್ತು ಸಮಯ ಬರೆದು ಸಹಿ ಮಾಡಿ.

ಇಂತಿ,
ಮುಖ್ಯೋಪಾಧ್ಯಾಯಿನಿ