ಚಿನ್ನ ಕಪಾಟಿನಲ್ಲೇ ಇರಲಿ

ನೀರ್ಚಾಲು
ಭಾನುವಾರ

ಪ್ರೀತಿಯ ಮಾಣಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಸಿಕ್ಕಿತು. ನಾಲ್ಕೇ ಕಂಪೆನಿ ಆರಿಸಿಕೊಂಡಿದ್ದೀಯ, ಒಂದೊಂದನ್ನೂ ಯಾಕೆ ಆರಿಸಿದೆ ಅಂತ ಬಿಡಿಸಿ ಬರೆದಿದ್ದೀಯ. ಓದಿ ಖುಷಿಯಾಯಿತು. ಆದರೆ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತಲ್ಲ, "ಮೂರನೇ ಶೇರು ಇನ್ನೂ ಇಳಿದರೆ ಅಮ್ಮನ ಚಿನ್ನ ಅಡವಿಟ್ಟಾದರೂ ಜಾಸ್ತಿ ತೆಗೆದುಕೊಳ್ಳುತ್ತೇನೆ, ಹೇಗೂ ಅದು ಕಪಾಟಿನಲ್ಲಿ ಸುಮ್ನೆ ಕೂತಿದೆ" ಅಂತ. ಅದನ್ನು ಓದಿದ ಮೇಲೆ ಉಳಿದದ್ದೆಲ್ಲ ಮರೆತೇ ಹೋಯಿತು. ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು "ಸರಿ ಮಾವ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕೇ ಕಂಪೆನಿ ಸಾಕಾ ಅಂತ ಕೇಳಿದ್ದೀಯ. ಅದಕ್ಕೆ ನನ್ನ ತಕರಾರಿಲ್ಲ. ಇಪ್ಪತ್ತು ಕಂಪೆನಿ ಕೊಂಡು ಒಂದರ ಲೆಕ್ಕಪತ್ರವನ್ನೂ ಓದದೆ ಇರುವುದಕ್ಕಿಂತ ನಾಲ್ಕನ್ನು ಕೂತು ಓದುವುದು ಮೇಲು. ಆದರೆ ನಾಲ್ಕರಲ್ಲಿ ಒಂದು ಕೆಟ್ಟರೆ ಕಾಲು ಭಾಗ ದುಡ್ಡಿಗೇ ಪೆಟ್ಟು. ಆ ಪೆಟ್ಟು ತಾಳಿಕೊಂಡು ಕೂರಲು ಸಮಯ ಬೇಕು. ಅಡವಿಟ್ಟು ತಂದ ದುಡ್ಡಿಗೆ ಇಲ್ಲದ್ದು ಅದೊಂದೇ.

ನಿನ್ನ ಅಜ್ಜನ ಕಾಲದ ಕಷ್ಟ ನಿನಗೆ ಅರ್ಧ ಗೊತ್ತು. ಇನ್ನರ್ಧ ನಿನ್ನ ಅಮ್ಮನಿಗೂ ಗೊತ್ತಿರಲಾರದು, ಅವಳು ಆಗ ತೀರಾ ಚಿಕ್ಕವಳು. 1970-71ರಲ್ಲಿ ಅಡಿಕೆ ಬೆಲೆ ಕುಸಿದು ಬಿತ್ತು. ಅಟ್ಟದ ತುಂಬ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ಗೋಣಿಗಳು. "ಈ ಬೆಲೆಗೆ ಕೊಡುವುದಿಲ್ಲ, ಏರಿಯೇ ಏರುತ್ತದೆ" ಅಂತ ಅಜ್ಜ ಹಟ ಹಿಡಿದರು. ಅಲ್ಲಿಯವರೆಗೆ ಆಳುಗಳ ಕೂಲಿಗೆ, ಮದ್ದು ಬಿಡುವ ಮೈಲುತುತ್ತಿಗೆ, ಮನೆಯ ಅಕ್ಕಿಗೆ ಅಂತ ಅಜ್ಜಿಯ ಸರ ಅಡವಿಗೆ ಹೋಯಿತು. ಒಂದು ವರ್ಷದ ಮಾತು. ಮಳೆಗಾಲ ಕಳೆಯಿತು, ಗಡುವು ಬಂತು, ಬೆಲೆ ಬರಲಿಲ್ಲ. ಕೊನೆಗೆ ಅಜ್ಜ ಅದೇ ಬಿದ್ದ ಬೆಲೆಗೆ ಅಡಿಕೆ ಮಾರಿದರು. ಬಂದದ್ದು ಬಡ್ಡಿಗೂ ಅಂಗಡಿ ಸಾಲಕ್ಕೂ ಸರಿಹೋಯಿತು. ಸರ ಬಿಡಿಸಿಕೊಳ್ಳಲಾಗಲಿಲ್ಲ.

1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಅದು ಖರೀದಿಗೆ ಇಳಿದ ಮೇಲೆ ನಮ್ಮ ಕಡೆಯ ಬೆಳೆಗಾರರಿಗೆ ಉಸಿರು ಬಂತು. ಅಂದರೆ ಅಜ್ಜ ಹೇಳಿದ್ದು ತಪ್ಪಿರಲಿಲ್ಲ ಮಾಣಿ, ಬೆಲೆ ಏರಿತು. ಏರುವ ಹೊತ್ತಿಗೆ ಆ ವರ್ಷದ ಅಡಿಕೆಯೂ ಇಲ್ಲ, ಸರವೂ ಇಲ್ಲ. ನಿನ್ನ ಲೆಕ್ಕ ತಪ್ಪಾದೀತು ಅಂತ ಮಾತ್ರ ನನಗೆ ಹೆದರಿಕೆ ಅಂದುಕೊಳ್ಳಬೇಡ. ನಿನ್ನ ಲೆಕ್ಕ ಸರಿಯಿದ್ದೂ ನೀನು ಸೋಲಬಹುದು ಅಂತ ಹೆದರಿಕೆ.

ಅಜ್ಜಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಮದುವೆ ಮನೆಗಳಿಗೆ ಹೋಗುವಾಗ ಮಾತ್ರ ಸೆರಗನ್ನು ಕೊರಳ ಸುತ್ತ ಹೊದ್ದುಕೊಳ್ಳುತ್ತಿದ್ದರು. ನನಗೆ ಕೆಲಸ ಸಿಕ್ಕಿ, ಎರಡು ಪವನಿನದ್ದಾದರೂ ಒಂದು ಸರ ಮಾಡಿಸಿ ಹಾಕುವ ಅಂತ ದುಡ್ಡು ಕೂಡಿಸುವಷ್ಟರಲ್ಲಿ ಅವರು ಹೋಗಿಬಿಟ್ಟರು. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ.

ಆಮೇಲೆ ವಿಧಿ ನನ್ನನ್ನು ಕೂರಿಸಿದ್ದೂ ಚಿನ್ನದ ಸಾಲದ ಕೌಂಟರಿನಲ್ಲೇ. ಬಳೆಯನ್ನು ಒರೆಗಲ್ಲಿಗೆ ಉಜ್ಜಿ, ತೂಕ ನೋಡಿ, ಸಣ್ಣ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತುವವರೆಗೆ ಹೆಂಗಸರು ಕಣ್ಣು ತೆಗೆಯುತ್ತಿರಲಿಲ್ಲ. ಜೊತೆಗೆ ಬಂದ ಗಂಡಸರು "ಮೂರೇ ತಿಂಗಳು, ಬಿಡಿಸಿಕೊಳ್ಳುತ್ತೇವೆ" ಅನ್ನುತ್ತಿದ್ದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಹಾಗೇ ನಂಬಿದ್ದರು. ವರ್ಷದ ಕೊನೆಗೆ ಬಡ್ಡಿ ಮಾತ್ರ ಕಟ್ಟಿ ಪುನಃ ಹೊಸತಾಗಿ ಇಡುವುದು, ಮತ್ತೊಂದು ವರ್ಷ ಹಾಗೇ. ಕಡೆಗೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟೀಸು, ಪೇಪರಿನಲ್ಲಿ ಹರಾಜಿನ ಜಾಹೀರಾತು. ಆಸ್ಪತ್ರೆಗೆ, ಫೀಸಿಗೆ ಅಂತ ಇಟ್ಟವರನ್ನು ನೋಡಿ ಸಂಕಟವಾಗುತ್ತಿತ್ತು. ನಿನಗೆ ಅಂಥ ಕಷ್ಟ ಏನಿದೆ ಹೇಳು?

ನೀನು ಇನ್ಫೋಸಿಸ್ ಕತೆ ಬರೆದಿದ್ದೀಯ. 1993ರಲ್ಲಿ 95 ರೂಪಾಯಿಗೆ ಶೇರು ಬಂದಾಗ ಜನ ಪೂರ್ತಿ ಕೊಳ್ಳಲೂ ಇಲ್ಲ ಅನ್ನುವುದು ನಿಜ. ಅದೇ ಕಾಲದಲ್ಲಿ ಜನರಿಂದ ದುಡ್ಡೆತ್ತಿ ಮಾಯವಾದ ಕಂಪೆನಿಗಳೂ ಬೇಕಾದಷ್ಟಿದ್ದವು. ಸರ್ಕಾರವೇ ಅವುಗಳ ಪಟ್ಟಿ ಮಾಡಬೇಕಾಯಿತು. ಇನ್ಫೋಸಿಸ್ ಹಿಡಿದುಕೊಂಡು ಕೂತವರಿಗೆ ಒಂದು ಅನುಕೂಲ ಇತ್ತು, ಅದು ಅವರದೇ ದುಡ್ಡು. ತಿಂಗಳಿಗೊಮ್ಮೆ ಬಡ್ಡಿ ಕೇಳಲು ಯಾರೂ ಬರುತ್ತಿರಲಿಲ್ಲ.

ಅಡವಿನ ಮಾತು ಬಂದರೆ ನನಗೆ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪೆನಿ ನೆನಪಾಗುತ್ತದೆ. 2008ರಲ್ಲಿ ಒಳ್ಳೆಯ ಆಡಳಿತಕ್ಕೆ ಪ್ರಶಸ್ತಿ ಪಡೆದ ಕಂಪೆನಿ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕವೆಲ್ಲ ಸುಳ್ಳು ಅಂತ ಒಪ್ಪಿಕೊಂಡು ಪತ್ರ ಬರೆದರು. ಹಿಂದಿನ ದಿನ ಸುಮಾರು 180 ರೂಪಾಯಿ ಇದ್ದ ಶೇರು ಆ ಸಂಜೆ 40ರ ಹತ್ತಿರ. ಮಾಲೀಕರ ಶೇರುಗಳೆಲ್ಲ ಮೊದಲೇ ಅಡವಿನಲ್ಲಿದ್ದವು, ಬೆಲೆ ಇಳಿದಂತೆ ಸಾಲ ಕೊಟ್ಟವರು ಮಾರತೊಡಗಿದ್ದರು. ಅದು ಹೊರಗಿನವರಿಗೆ ತಿಳಿದದ್ದು ತಡವಾಗಿ. ಆ ಪ್ರಕರಣದ ಬೆನ್ನಿಗೇ, ಪ್ರವರ್ತಕರು, ಅಂದರೆ ಕಂಪೆನಿ ನಡೆಸುವ ಮಾಲೀಕರು, ಶೇರು ಅಡವಿಟ್ಟರೆ ಬಹಿರಂಗ ಮಾಡಲೇಬೇಕು ಅಂತ ಶೇರುಪೇಟೆಯ ಮೇಲ್ವಿಚಾರಣೆ ನೋಡುವ ಸೆಬಿ ನಿಯಮ ತಂದಿತು. ಈಗ ಮೂರು ತಿಂಗಳಿಗೊಮ್ಮೆ ಬರುವ ಶೇರುದಾರರ ವಿವರದಲ್ಲಿ ಅದು ಇರುತ್ತದೆ. ನಿನ್ನ ಮೂರನೇ ಕಂಪೆನಿಯಲ್ಲಿ ಅದನ್ನು ನೋಡಿದ್ದೀಯಾ? ಅವರ ಅಡವು ಕಂಡರೆ ನೀನೇ ಹೆದರುತ್ತೀಯ. ಅಂಥದ್ದನ್ನೇ ನಿನ್ನ ಮನೆಯಲ್ಲಿ ಮಾಡಲು ಹೊರಟಿದ್ದೀಯಲ್ಲ.

ಇನ್ನೊಂದು ವಿಷಯ. ಆ ಮೂರನೇ ಶೇರು 100ರಿಂದ 60ಕ್ಕೆ ಬಂದದ್ದು ಬರೆದಿದ್ದೀಯ. ಯಾಕೆ ಇಳಿಯಿತು ಅಂತ ಬರೆಯಲಿಲ್ಲ. ನಿನ್ನ ಪತ್ರವನ್ನು ಪುನಃ ಪುನಃ ಓದಿದೆ, ಎಲ್ಲೂ ಇಲ್ಲ. 60 ಮತ್ತೆ 100 ಆಗಬೇಕಾದರೆ ಮೂರರಲ್ಲಿ ಎರಡು ಪಾಲು ಏರಬೇಕು. ಇನ್ನಷ್ಟು ಕೊಂಡರೆ ನೀನು ಕೊಂಡ ಬೆಲೆಯ ಸರಾಸರಿ ಇಳಿಯುತ್ತದೆ, ಹೌದು. ಕಂಪೆನಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಅದರಲ್ಲಿ ಸಿಕ್ಕಿಕೊಂಡ ನಿನ್ನ ದುಡ್ಡು, ನಾಲ್ಕರಲ್ಲಿ ಒಂದಿದ್ದದ್ದು ಅರ್ಧವಾದೀತು. ಆಗ ನಾಲ್ಕು ಆರಿಸಿದ್ದಕ್ಕೆ ಅರ್ಥ ಏನು ಉಳಿಯಿತು?

ಕಷ್ಟಗಳು ಸರದಿಯಲ್ಲಿ ಬರುವುದಿಲ್ಲ ಮಾಣಿ. ಕೊರೊನಾ ಬಂದಾಗ, 2020ರ ಮಾರ್ಚ್ 23ರಂದು, ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,934 ಅಂಕ ಬಿತ್ತು. ಅದೇ ದಿನಗಳಲ್ಲಿ ನಮಗೆ ಮಂಗಳೂರಿಗೆ ಹೋಗುವ ದಾರಿಯೂ ಇರಲಿಲ್ಲ, ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಕಾಯಿಲೆಯವರು ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸಿನಲ್ಲೇ ಸಿಕ್ಕಿಬಿದ್ದರು. ಎಷ್ಟೋ ಜನರಿಗೆ ಸಂಬಳ ನಿಂತಿತ್ತು. ನನ್ನ ಹತ್ತಿರ ಇದ್ದ ಸ್ವಲ್ಪ ಶೇರೂ ಅರ್ಧಕ್ಕೆ ಇಳಿದಿತ್ತು. ಆದರೆ ಅದರ ಮೇಲೆ ಯಾರ ಬಾಕಿಯೂ ಇರಲಿಲ್ಲ, ಹಾಗಾಗಿ ಮುಟ್ಟಲಿಲ್ಲ. ಕಾದೆ, ಬೆಲೆ ಬಂತು. ಅವತ್ತು ಯಾವುದಾದರೂ ಗಡುವು ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಅಂತ ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ನಾನು ಹೇಳಬಹುದಾದದ್ದು ಸ್ವಲ್ಪವೇ. ನಿನಗೆ ಇದೆಲ್ಲ ಮೊದಲೇ ಗೊತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡ. ವಾರ್ಷಿಕ ವರದಿಯಲ್ಲಿ ಲಾಭದ ಪುಟಕ್ಕಿಂತ ಮೊದಲು ನಗದು ಹರಿವಿನ ಪುಟ ತೆಗೆ. ಲಾಭ ಏರುತ್ತಾ ಇದೆ, ವ್ಯಾಪಾರದಿಂದ ಕೈಗೆ ಬಂದ ನಗದು ಏರುತ್ತಿಲ್ಲ ಅಂತಾದರೆ ಯಾಕೆ ಅಂತ ಹುಡುಕು. ಗಿರಾಕಿಗಳಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ಬೇಗ ಬೆಳೆಯುತ್ತಿದೆಯಾ ನೋಡು. ಆಡಿಟರ್ ಅವಧಿ ಮುಗಿಯುವ ಮೊದಲೇ ಬಿಟ್ಟುಹೋದರೆ ಅದನ್ನು ಸಣ್ಣ ಸುದ್ದಿ ಅಂದುಕೊಳ್ಳಬೇಡ. ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇರಲಿ, ಅದನ್ನು ಶೇರಿನ ಲೆಕ್ಕಕ್ಕೆ ಸೇರಿಸಲೇಬೇಡ.

ಇಷ್ಟೆಲ್ಲ ನೋಡಿದ ಮೇಲೂ ಆ ಕಂಪೆನಿ ಒಳ್ಳೆಯದು ಅನ್ನಿಸಿದರೆ ಕೊಳ್ಳು, ಬೇಡ ಅನ್ನುವುದಿಲ್ಲ. ಸಂಬಳದಲ್ಲಿ ಉಳಿದದ್ದರಿಂದ ಕೊಳ್ಳು, ಮುಂದಿನ ಮೂರು ತಿಂಗಳ ಫಲಿತಾಂಶ ಬಂದ ಮೇಲೆ ಕೊಳ್ಳು. ಅಷ್ಟರಲ್ಲಿ ಬೆಲೆ ಏರಿಬಿಟ್ಟರೆ ಏರಲಿ, ನಿನ್ನ ಹತ್ತಿರ ಈಗಾಗಲೇ ಇರುವುದೂ ಏರುತ್ತದಲ್ವಾ? ಅಮ್ಮನ ಹತ್ತಿರ ಕೀಲಿಕೈ ಕೇಳಬೇಡ. ನೀನು ಕೇಳಿದರೆ ಅವಳು ಯಾಕೆ ಅಂತಲೂ ವಿಚಾರಿಸದೆ ಕೊಡುತ್ತಾಳೆ, ನನಗೆ ಗೊತ್ತು.

ಮೂರನೇ ಕಂಪೆನಿಯ ವಾರ್ಷಿಕ ವರದಿ ಪ್ರಿಂಟ್ ತೆಗೆಸಿ ಕಳಿಸು. ಮೊಬೈಲಿನಲ್ಲಿ ನನಗೆ ಓದಲಾಗುವುದಿಲ್ಲ. ನಾನೂ ಓದಿ, ಅನುಮಾನ ಬಂದ ಕಡೆ ಗುರುತು ಹಾಕಿಡುತ್ತೇನೆ. ಮುಂದಿನ ಸಲ ಊರಿಗೆ ಬರುವಾಗ ಎರಡು ದಿನ ಜಾಸ್ತಿ ರಜೆ ಹಾಕಿ ಬಾ, ಕೂತು ನೋಡೋಣ.

ಇಂತಿ,
ನಿನ್ನ ಮಾವ